ಕೆಟ್ಟಂತೆ ಕಾಣೋದೆಲ್ಲ ಕೆಟ್ಟಿರಲ್ಲ: ಯಾವುದನ್ನು ಉಳಿಸಬೇಕು, ಯಾವುದನ್ನು ಎಸೆಯಬೇಕು?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಕಡೆ ತೋಟದ ಒಳ್ಳೆ ಮಾಲೆಲ್ಲ ಮಾರ್ಕೆಟ್‌ಗೆ ಹೋಗುತ್ತೆ. ಬಿರುಕು ಬಿಟ್ಟ ಟೊಮೆಟೊ, ಹಸಿರು ತಿರುಗಿದ ಆಲೂಗಡ್ಡೆ, ಗೊಂಚಲಿನಿಂದ ಉದುರಿದ ದ್ರಾಕ್ಷಿ ಮನೆಗೆ ಬರುತ್ತೆ. ಇದರಲ್ಲಿ ಬಹಳಷ್ಟನ್ನು ನಿಶ್ಚಿಂತೆಯಿಂದ ತಿನ್ನಬಹುದು. ಕೆಲವನ್ನು ಮಾತ್ರ ದನಕ್ಕೂ ಹಾಕಬಾರದು. ಮೊದಲು ಅಡುಗೆ ಕೈಕೊಟ್ಟಾಗ ಏನು ಮಾಡಬೇಕು ನೋಡೋಣ.

ಮುದ್ದೆ ಗಂಟಾದರೆ

ಹಿಟ್ಟಿನ ಹೊರಭಾಗ ಬೆಂದು ಅಂಟಾಗಿ, ಒಳಗಿನ ಹಿಟ್ಟಿಗೆ ನೀರು ತಲುಪದೇ ಹೋದರೆ ಗಂಟಾಗುತ್ತೆ. ಉರಿ ಸಣ್ಣ ಮಾಡಿ, ಸ್ವಲ್ಪ ಬಿಸಿನೀರು ಚಿಮುಕಿಸಿ, ಮೂರು ನಾಲ್ಕು ನಿಮಿಷ ಮುಚ್ಚಿಡಿ. ಆಮೇಲೆ ಕೋಲಿನಿಂದ ಪಾತ್ರೆಯ ಪಕ್ಕಕ್ಕೆ ಒತ್ತಿ ಗಂಟು ಒಡೆದು ಚೆನ್ನಾಗಿ ತಿರುವಿ. ತೀರಾ ತೆಳುವಾಗಿದ್ದರೆ ಇನ್ನಷ್ಟು ನೀರು ಹಾಕಿ ಕುದಿಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು, ಈರುಳ್ಳಿ ಸೇರಿಸಿದರೆ ಅಂಬಲಿ ಆಯ್ತು.

ಸಾರಿಗೆ ಉಪ್ಪು ಜಾಸ್ತಿಯಾದರೆ

ಆಲೂಗಡ್ಡೆ ಹಾಕಿದರೆ ಉಪ್ಪು ಹೀರುತ್ತೆ ಅಂತ ಹೇಳ್ತಾರೆ. ಆದರೆ ಅದು ಹೀರೋದು ಉಪ್ಪುನೀರನ್ನು. ಉಳಿದ ಸಾರು ಹೆಚ್ಚುಕಮ್ಮಿ ಅಷ್ಟೇ ಉಪ್ಪಾಗಿರುತ್ತೆ. ಉಪ್ಪು ಹಾಕದೆ ಬೇಯಿಸಿದ ಬೇಳೆ, ನೀರು ಸೇರಿಸಿ ಸಾರನ್ನು ಹೆಚ್ಚಿಸೋದೇ ಸರಿಯಾದ ದಾರಿ.

ಅವರೆಕಾಳು ಸಾರು ತಳ ಹಿಡಿದರೆ

ಸೌಟು ಆಡಿಸಬೇಡಿ, ತಳ ಕೆರೆಯಬೇಡಿ. ಮೇಲಿನದನ್ನಷ್ಟೇ ನಿಧಾನವಾಗಿ ಬೇರೆ ಪಾತ್ರೆಗೆ ಬಗ್ಗಿಸಿ. ಸೀದ ವಾಸನೆ ಬಹುಪಾಲು ತಳದಲ್ಲೇ ಉಳಿಯುತ್ತೆ.

ಟೊಮೆಟೊ, ದ್ರಾಕ್ಷಿ

ಅದೇ ದಿನ ಬಿರುಕು ಬಿಟ್ಟ ಗಟ್ಟಿ ಟೊಮೆಟೊ ಗೊಜ್ಜಿಗೆ ಚೆನ್ನಾಗಿರುತ್ತೆ. ಎಣ್ಣೆ ಬಿಡೋ ತನಕ ಕುದಿಸಿ, ಫ್ರಿಜ್‌ನಲ್ಲಿಟ್ಟು ಒಂದು ವಾರದೊಳಗೆ ಖಾಲಿ ಮಾಡಿ. ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿ ತಿಂಗಳುಗಟ್ಟಲೆ ಹೊರಗೆ ಇಡಬೇಡಿ. ಎಲ್ಲ ಟೊಮೆಟೊದಲ್ಲೂ ಕೆಡದಂತೆ ಕಾಯುವಷ್ಟು ಹುಳಿ ಇರಲ್ಲ.

ಉದುರಿದ ಬೆಂಗಳೂರು ಬ್ಲೂ ದ್ರಾಕ್ಷಿ ಒಡೆಯದೆ ಗಟ್ಟಿಯಾಗಿದ್ದರೆ ತೊಳೆದು ಜ್ಯೂಸ್ ಮಾಡಿ. ಆ ತಳಿ ಜ್ಯೂಸ್‌ಗೆ ಹೇಳಿ ಮಾಡಿಸಿದ್ದು. ಆದರೆ ಒಂದು ಎಚ್ಚರ: ಔಷಧಿ ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕು ಅಂತ ಲೇಬಲ್ ಮೇಲೆ ಇರುತ್ತೆ. ಆ ದಿನ ಮುಗಿಯೋ ಮುಂಚೆ ಉದುರಿದ ಹಣ್ಣು ಮನೆಗೂ ಬೇಡ. ತೊಳೆದರೂ, ಕುದಿಸಿದರೂ ಔಷಧಿ ಪೂರ್ತಿ ಹೋಗುತ್ತೆ ಅಂತ ನಂಬೋಕಾಗಲ್ಲ.

ಇವುಗಳನ್ನು ಎಸೆಯಲೇಬೇಕು

* ಬೂಷ್ಟು ಹಿಡಿದ ಟೊಮೆಟೊ: ಮೆತ್ತನೆ ಹಣ್ಣಿನಲ್ಲಿ ಬೂಷ್ಟು ಕಣ್ಣಿಗೆ ಕಾಣೋದಕ್ಕಿಂತ ಒಳಗೆ ಹರಡಿರುತ್ತೆ. ಆ ಭಾಗ ಮಾತ್ರ ಕತ್ತರಿಸಿದರೆ ಸಾಲದು.
* ಹಸಿರು ಆಲೂಗಡ್ಡೆ: ಬಿಸಿಲು ಬಿದ್ದರೆ ಹಸಿರಾಗುತ್ತೆ, ಜೊತೆಗೆ ಸೋಲನಿನ್ ಅನ್ನೋ ವಿಷ ಹೆಚ್ಚುತ್ತೆ. ಬೇಯಿಸಿದರೆ ಅದು ಹೋಗಲ್ಲ. ಸ್ವಲ್ಪ ಹಸಿರಿದ್ದರೆ ಆ ಭಾಗವನ್ನು ದಪ್ಪಗೆ ಕತ್ತರಿಸಿ ತೆಗೆಯಿರಿ. ಪೂರ್ತಿ ಹಸಿರಾಗಿದ್ದರೆ, ಕಹಿಯಿದ್ದರೆ ಎಸೆಯಿರಿ.
* ಬೂಷ್ಟು ಹಿಡಿದ ಕಡಲೆಕಾಯಿ, ಮುಸುಕಿನ ಜೋಳ: ಇದೇ ಎಲ್ಲಕ್ಕಿಂತ ಅಪಾಯ. ಇದರಲ್ಲಿ ಅಫ್ಲಾಟಾಕ್ಸಿನ್ ಇರಬಹುದು. ಹುರಿದರೂ ಬೇಯಿಸಿದರೂ ಅದು ಪೂರ್ತಿ ನಾಶವಾಗಲ್ಲ. ಲಿವರ್ ಕ್ಯಾನ್ಸರ್‌ಗೂ ಕಾರಣವಾಗುತ್ತೆ.

"ನಾವು ತಿನ್ನಲ್ಲ, ಹಸುಗೆ ಹಾಕೋಣ" ಅನ್ನಬೇಡಿ. ಹಸು ತಿಂದ ಅಫ್ಲಾಟಾಕ್ಸಿನ್‌ನ ಒಂದು ಪಾಲು ರೂಪ ಬದಲಿಸಿಕೊಂಡು ಹಾಲಿಗೆ ಇಳಿಯುತ್ತೆ. ಹಾಲಿನಲ್ಲಿ ಕೆ.ಜಿ.ಗೆ 0.5 ಮೈಕ್ರೋಗ್ರಾಂ ಮೀರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ ಇದೆ. ಕಾಯಿಸಿದರೂ ಅದು ಹೋಗಲ್ಲ. ಆ ಹಾಲು ಡೈರಿಗೂ ಹೋಗುತ್ತೆ, ನಿಮ್ಮ ಮನೆ ಮಗುವಿನ ಲೋಟಕ್ಕೂ ಬರುತ್ತೆ.

ಇದಕ್ಕೆಲ್ಲ ಸುಲಭದ ಅಭ್ಯಾಸ ಒಂದಿದೆ. ಕೊಯ್ಲಿನ ದಿನವೇ ಮೂರು ಕ್ರೇಟ್ ಇಡಿ: ಒಂದು ಮಾರ್ಕೆಟ್‌ಗೆ, ಒಂದು ಇವತ್ತೇ ಅಡುಗೆಗೆ, ಒಂದು ಎಸೆಯೋದಕ್ಕೆ. ಎರಡನೇ ಕ್ರೇಟ್ ನಾಳೆಗೆ ಉಳಿದರೆ ಅಡುಗೆಗೆ ತಗೊಳ್ಳೋ ಮುಂಚೆ ಮತ್ತೊಮ್ಮೆ ಆರಿಸಿ.