ಬನ್ನಿ, ದಿಲ್ಲಿಯ ಗುಡ್ಡ ಹತ್ತೋಣ

ಯುಗಾದಿಗೋ ರಾಜ್ಯೋತ್ಸವಕ್ಕೋ ಸಂಘದಲ್ಲಿ ಸೇರಿದಾಗ, ಊಟದ ಸಾಲಿನಲ್ಲಿ ನಿಂತ ನಿಮ್ಮ ಮಾತು ನಮ್ಮಂಥವರ ಕಿವಿಗೆ ಬೀಳುತ್ತಿರುತ್ತದೆ. ಒಬ್ಬರು ಮನಾಲಿಗೆ ಹೊರಟಿರುತ್ತೀರಿ, ಇನ್ನೊಬ್ಬರು ಋಷಿಕೇಶಕ್ಕೆ. "ದಿಲ್ಲಿಯಲ್ಲಿ ಏನಿದೆ ಆಂಟಿ? ಮಾಲು, ಇಲ್ಲವೇ ಟ್ರಾಫಿಕ್ಕು" ಎನ್ನುತ್ತೀರಿ. ಅದೇ ಸಾಲಿನಲ್ಲಿ ನಿಮ್ಮ ಅಪ್ಪ ಅಮ್ಮಂದಿರದು ಬೇರೆ ರಾಗ. "ನಮ್ಮ ಕಡೆ ಆಗುಂಬೆ ಇದೆ, ಕೊಡಚಾದ್ರಿ ಇದೆ. ಈ ಊರಿನಲ್ಲಿ ಧೂಳು ಬಿಟ್ಟರೆ ಏನಿದೆ?" ಅಂತೂ ಎರಡು ಪೀಳಿಗೆಗೂ ಒಮ್ಮತವಿರುವುದು ಇದೊಂದೇ ವಿಷಯದಲ್ಲಿ!

ಮೂವತ್ತು ವರ್ಷಗಳಿಂದ ಈ ಊರಿನಲ್ಲಿ ಅಡಿಗೆ ಮನೆಯ ಕೆಲಸ ಮುಗಿಸಿ, ಉಳಿದ ಹೊತ್ತಿನಲ್ಲಿ ನಡೆದು ನಡೆದು ಚಪ್ಪಲಿ ಸವೆಸಿದವಳು ನಾನು. ಆ ಒಮ್ಮತಕ್ಕೆ ನನ್ನದೊಂದು ಸಣ್ಣ ಭಿನ್ನಮತವಿದೆ.

ಮೊದಲು ಒಂದು ಮಾತು. ದಿಲ್ಲಿ ಬಯಲು ಊರಲ್ಲ. ಗುಜರಾತಿನಲ್ಲಿ ಹುಟ್ಟಿ, ರಾಜಸ್ಥಾನ, ಹರಿಯಾಣಗಳನ್ನು ದಾಟಿ ಸುಮಾರು 700 ಕಿಲೋಮೀಟರ್ ಬರುವ ಅರಾವಳಿ ಬೆಟ್ಟಸಾಲು ಇಲ್ಲಿಗೆ ಬಂದು, ವಜೀರಾಬಾದಿನ ಹತ್ತಿರ ಯಮುನೆಯ ದಡದಲ್ಲಿ ಮುಗಿಯುತ್ತದೆ. ನಾವು 'ರಿಡ್ಜ್' ಎನ್ನುವುದು ಇದನ್ನೇ. ರಾಷ್ಟ್ರಪತಿ ಭವನ ನಿಂತಿರುವ ರೈಸಿನಾ ಗುಡ್ಡವೂ ಇದರದೇ ತುಣುಕು. ಹಿಮಾಲಯ ಹುಟ್ಟುವ ಎಷ್ಟೋ ಕಾಲ ಮೊದಲೇ ಅರಾವಳಿ ಮುದಿಯಾಗಿತ್ತು. ಮಳೆಗಾಳಿಗೆ ಸವೆದು ತಗ್ಗಾಗಿದೆ, ಅಷ್ಟೆ. ಮನೆಯಲ್ಲಿರುವ ಅಜ್ಜನನ್ನು ಮಾತಾಡಿಸದೆ ದೂರದ ನೆಂಟರ ಮನೆಗೆ ಓಡುವುದು ಯಾವ ನ್ಯಾಯ?

ಆರಂಭಕ್ಕೆ ಉತ್ತರದ ರಿಡ್ಜ್ ಒಳ್ಳೆಯದು. ವಿಶ್ವವಿದ್ಯಾಲಯ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ಸ್ವಲ್ಪ ದೂರದಲ್ಲೇ ಕಾಡಿನ ದಾರಿ. 1828ರಲ್ಲಿ ಕಟ್ಟಿದ ಫ್ಲಾಗ್‌ಸ್ಟಾಫ್ ಟವರ್ ಎಂಬ ಗುಂಡಗಿನ ಗೋಪುರ ಅಲ್ಲಿದೆ. 1857ರ ಮೇ 11ರಂದು ಮೀರತ್ತಿನಿಂದ ಬಂದ ಸಿಪಾಯಿಗಳು ನಗರ ಹೊಕ್ಕಾಗ, ಬ್ರಿಟಿಷ್ ಸಂಸಾರಗಳು ಸಹಾಯಕ್ಕಾಗಿ ದಾರಿ ನೋಡುತ್ತ ಕೂತದ್ದು ಇಲ್ಲೇ. ಅಲ್ಲಿಂದ ದಕ್ಷಿಣಕ್ಕೆ ನಡೆಯುತ್ತ ಹೋದರೆ ಹಿಂದೂರಾವ್ ಆಸ್ಪತ್ರೆಯ ಬಳಿ ಅಶೋಕನ ಒಂದು ಕಂಬ. ಫಿರೋಜ್ ಷಾ ತುಘಲಕ್ ಅದನ್ನು ಮೀರತ್ತಿನಿಂದ ಸಾಗಿಸಿ ತಂದ. ಹದಿನೆಂಟನೆಯ ಶತಮಾನದಲ್ಲಿ ಮದ್ದಿನ ಸ್ಫೋಟಕ್ಕೆ ಸಿಕ್ಕಿ ಐದು ತುಂಡಾಯಿತು. 1867ರಲ್ಲಿ ಜೋಡಿಸಿ ನಿಲ್ಲಿಸಿದರು. ಇನ್ನೂ ಮುಂದೆ, ಬ್ರಿಟಿಷರು ತಮ್ಮ ಸೈನಿಕರಿಗಾಗಿ ಕಟ್ಟಿದ ಸ್ಮಾರಕ. 1972ರಲ್ಲಿ ನಮ್ಮ ಸರಕಾರ ಅದಕ್ಕೆ ಅಜಿತ್‌ಗಢ ಎಂದು ಹೆಸರಿಟ್ಟು, ಅಲ್ಲಿ 'ಶತ್ರು' ಎಂದು ಬರೆದಿರುವವರೇ ಸ್ವಾತಂತ್ರ್ಯಕ್ಕಾಗಿ ಹೋರಾಡಿದವರು ಎಂದು ಫಲಕ ಹಾಕಿತು. ಅದೇ 1857ರ ನವೆಂಬರಿನಲ್ಲಿ ಮುಧೋಳದ ಹತ್ತಿರ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಲ್ಲೆವೆಂದು ಎದ್ದು ನಿಂತದ್ದನ್ನು ಆ ಫಲಕದ ಮುಂದೆ ನೆನೆಯಿರಿ. ಅದನ್ನು ಇಲ್ಲಿಯ ಶಾಲೆಯ ಪುಸ್ತಕಗಳು ನಿಮಗೆ ಹೇಳಿರಲಾರವು.

ಎರಡನೆಯ ದಾರಿ ಮೆಹ್ರೌಲಿಯದು. ಕುತುಬ್ ಮಿನಾರಿಗೆ ನೀವೆಲ್ಲ ಹೋಗಿದ್ದೀರಿ. ಅದರ ಪಕ್ಕದಲ್ಲೇ ಇರುವ ಪುರಾತತ್ವ ಉದ್ಯಾನದಲ್ಲಿ ನಡೆದವರು ಕಡಿಮೆ. ಅಲ್ಲಿ 1287ರಲ್ಲಿ ತೀರಿಕೊಂಡ ಸುಲ್ತಾನ ಬಲ್ಬನನ ಗೋರಿ ಇದೆ. ಹಾಳು ಬಿದ್ದ ಗೋಡೆ ಎಂದು ಮುಂದೆ ಹೋಗಬೇಡಿ, ಅದರ ಕಮಾನನ್ನು ನೋಡಿ. ಬೆಣೆಯಂತೆ ಕಡಿದ ಕಲ್ಲುಗಳು ಒಂದನ್ನೊಂದು ಒತ್ತಿಹಿಡಿದು ನಿಂತಿವೆ. ನಮ್ಮ ದೇಶದಲ್ಲಿ ಉಳಿದಿರುವ ಇಂಥ ನಿಜವಾದ ಕಮಾನುಗಳಲ್ಲಿ ಇದು ಅತಿ ಹಳೆಯವುಗಳ ಸಾಲಿನದು. ಅದೇ ಶತಮಾನದಲ್ಲಿ ಸೋಮನಾಥಪುರದಲ್ಲಿ ನಮ್ಮ ಹೊಯ್ಸಳರ ಶಿಲ್ಪಿಗಳು ಕಂಬದ ಮೇಲೆ ತೊಲೆಯಿಟ್ಟು ಕಲ್ಲನ್ನು ಹೂವಿನಂತೆ ಬಿಡಿಸುತ್ತಿದ್ದರು. ಎರಡನ್ನೂ ಕಂಡವರಿಗೆ ಎರಡರ ಸೊಗಸೂ ಹೆಚ್ಚುತ್ತದೆ. ಹತ್ತಿರದ ರಾಜೋಂ ಕೀ ಬಾವೋಲಿಯ ಮೆಟ್ಟಿಲ ಮೇಲೆ ಸ್ವಲ್ಪ ಕೂತು ದಣಿವಾರಿಸಿಕೊಳ್ಳಿ. ಬಾವೋಲಿ ಎಂದರೆ ನೆಲದೊಳಕ್ಕೆ ಮೆಟ್ಟಿಲಿಳಿಯುವ ಬಾವಿ, ನಮ್ಮ ಕಲ್ಯಾಣಿಯ ದಾಯಾದಿ.

ಅಲ್ಲಿಂದ ಸಂಜಯ ವನ ದೂರವಿಲ್ಲ. ಸುಮಾರು 780 ಎಕರೆ ಕಾಡು. ಒಳಗೆ ಪೊದೆಗಳ ನಡುವೆ ಲಾಲ್ ಕೋಟ್‌ನ ಗೋಡೆ ಸಿಗುತ್ತದೆ. ಹನ್ನೊಂದನೆಯ ಶತಮಾನದ ತೋಮರ ರಾಜ ಅನಂಗಪಾಲನ ಕೋಟೆ ಅದು. ದಿಲ್ಲಿ ಎಂಬ ಊರಿನ ಹಳೆಯ ಗೋಡೆಯ ಮೇಲೆ ನವಿಲು ಕೂತಿರುವುದನ್ನು ಕಾಣಲು ಟಿಕೆಟ್ಟೂ ಇಲ್ಲ, ಸಾಲೂ ಇಲ್ಲ.

ಮೂರನೆಯದನ್ನು ನಡಿಗೆ ಎನ್ನುವುದಕ್ಕಿಂತ ಯಾತ್ರೆ ಎನ್ನಬೇಕು. ಕಾಲ್ಕಾಜಿಯ ಹತ್ತಿರ, ಈಸ್ಟ್ ಆಫ್ ಕೈಲಾಶ್ ಬಡಾವಣೆಯ ಪಕ್ಕದ ಪುಟ್ಟ ಪಾರ್ಕಿನಲ್ಲಿ, ಕಂಬಿಯ ಹಿಂದೆ ಒಂದು ಓರೆ ಬಂಡೆ ಇದೆ. ಅದರ ಮೇಲೆ ಅಶೋಕನ ಶಾಸನ. 1966ರಲ್ಲಿ ಪತ್ತೆಯಾಯಿತು. ದೊಡ್ಡವರಷ್ಟೇ ಅಲ್ಲ, ಚಿಕ್ಕವರೂ ಪ್ರಯತ್ನಪಟ್ಟರೆ ಮೇಲಕ್ಕೇರಬಹುದು ಎಂಬುದು ಅದರ ಸಾರ. ಇದೇ ಶಾಸನ ಇನ್ನೆಲ್ಲಿದೆ ಬಲ್ಲಿರಾ? ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ! 1915ರಲ್ಲಿ ಮಸ್ಕಿಯಲ್ಲಿ ಅದು ಸಿಕ್ಕಾಗಲೇ, ಶಾಸನಗಳ 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂಬುದು ಖಚಿತವಾದದ್ದು. "ನೀನು ಎಲ್ಲಿಯವನು, ದಿಲ್ಲಿಯವನೋ ಕರ್ನಾಟಕದವನೋ?" ಎಂದು ಯಾರಾದರೂ ಕೇಳಿದರೆ ಆ ಬಂಡೆಯನ್ನು ತೋರಿಸಿ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಒಂದೇ ಮಾತನ್ನು ಎರಡೂ ಊರಿನ ಕಲ್ಲಿಗೆ ಬರೆದಾಗಿದೆ.

ಈಗ ಮರಗಳ ವಿಷಯ. ನಾನು ಇಂಗ್ಲಿಷ್ ಬಿ.ಎ. ಓದುವಾಗ ವರ್ಡ್ಸ್‌ವರ್ತ್ ಕವಿಯ ಡ್ಯಾಫೊಡಿಲ್ ಹೂವಿನ ಬಗ್ಗೆ ಪುಟಗಟ್ಟಲೆ ಬರೆದೆವು. ಆ ಹೂವನ್ನು ಕಂಡವರು ತರಗತಿಯಲ್ಲಿ ಒಬ್ಬರೂ ಇರಲಿಲ್ಲ. ನಿಮ್ಮದು ಅದರ ತಿರುಗುಮುರುಗು: ಕಣ್ಣೆದುರಿಗೆ ಮರವಿದೆ, ಹೆಸರು ಗೊತ್ತಿಲ್ಲ. ಮಾರ್ಚಿನಲ್ಲಿ ಬೆಂಕಿಯಂತೆ ಹೂ ಬಿಡುವ ಇಲ್ಲಿಯ ಢಾಕ್ ನಮ್ಮ ಮುತ್ತುಗ, ಅಜ್ಜಿ ಊಟದೆಲೆ ಹಚ್ಚುತ್ತಿದ್ದದ್ದು ಅದರದೇ. ಮೇ ತಿಂಗಳ ಅಮಲ್ತಾಸ್ ನಮ್ಮ ಕಕ್ಕೆ. ಸೇಮಲ್ ನಮ್ಮ ಬೂರುಗ. ಜಾಮುನ್ ನಮ್ಮ ನೇರಳೆ. ಕಾಡಿನ ತುಂಬ ಮುಳ್ಳು ಚಾಚಿ ನಿಂತಿರುವ ವಿಲಾಯತಿ ಕೀಕರ್ ನಮ್ಮ ಬಳ್ಳಾರಿ ಜಾಲಿಯೇ. ಅಮೆರಿಕಾ ಖಂಡದಿಂದ ಬ್ರಿಟಿಷರ ಕಾಲದಲ್ಲಿ ಬಂದು, ಅತಿಥಿಯಾಗಿ ಹೊಕ್ಕು ಯಜಮಾನನಾಗಿ ಕೂತಿದೆ. ಅದರ ಕೆಳಗೆ ಬೇರೆ ಗಿಡ ಏಳುವುದು ಕಷ್ಟ.

ಈ ಯಜಮಾನಿಕೆಯನ್ನು ಬಿಡಿಸಿದ ಕಡೆ ನೋಡಬೇಕೆಂದರೆ ಗುರುಗ್ರಾಮದ ಅರಾವಳಿ ಜೀವವೈವಿಧ್ಯ ಉದ್ಯಾನಕ್ಕೆ ಹೋಗಿ. ಒಂದು ಕಾಲಕ್ಕೆ ಕಲ್ಲು ಗಣಿ, ಕ್ರಷರುಗಳು ಇದ್ದ ಜಾಗ. 2010ರಿಂದ ಊರಿನ ನಾಗರಿಕರೇ ಸೇರಿ, ಶಾಲೆಯ ಮಕ್ಕಳನ್ನೂ ಕರೆದುಕೊಂಡು ಅರಾವಳಿಯ ಮೂಲ ಮರಗಳನ್ನು ನೆಟ್ಟು ಬೆಳೆಸಿದರು. ಅಭಯಾರಣ್ಯವಲ್ಲದಿದ್ದರೂ ಜೀವವೈವಿಧ್ಯ ಕಾಯುವ ತಾಣವೆಂಬ ಮನ್ನಣೆ 2022ರಲ್ಲಿ ದೇಶದಲ್ಲೇ ಮೊದಲಿಗೆ ಸಿಕ್ಕಿದ್ದು ಇದಕ್ಕೆ. ಅಲ್ಲಿ ಕಾಣುವ ಧೌ ಮರ ನಮ್ಮ ಕಾಡಿನ ದಿಂಡಿಗದ ಹತ್ತಿರದ ನೆಂಟ. ಇದೇ ಧೌ ಮರಗಳ ಹಳೆಯ ಕಾಡು ಫರಿದಾಬಾದ್ ಜಿಲ್ಲೆಯ ಮಾಂಗರ್ ಬನಿಯಲ್ಲಿ ಉಳಿದಿದೆ. ಗುದರಿಯಾ ಬಾಬಾನ ಕಾಡೆಂದು ಹಳ್ಳಿಯವರು ಅಲ್ಲಿ ಒಂದು ಟೊಂಗೆಯನ್ನೂ ಮುರಿಯುವುದಿಲ್ಲ. ಕೊಡಗಿನ ದೇವರ ಕಾಡಿನ ಬಗ್ಗೆ ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹೋದರೆ ಹಳ್ಳಿಯವರನ್ನು ಮಾತಾಡಿಸಿ, ಅವರ ಕಟ್ಟಳೆಯಂತೆ ನಡೆದುಕೊಳ್ಳಿ.

ಇದನ್ನೆಲ್ಲ ಈಗಲೇ ಹೇಳುವುದಕ್ಕೆ ಕಾರಣವಿದೆ. ದಿಲ್ಲಿಯ ರಿಡ್ಜಿನ 7,777 ಹೆಕ್ಟೇರನ್ನು ಮೀಸಲು ಅರಣ್ಯವೆಂದು 1994ರಲ್ಲಿ ಪ್ರಕಟಿಸಿದರು. 2002ರಲ್ಲಿ ಸುಪ್ರೀಂ ಕೋರ್ಟು ಹರಿಯಾಣದ ಅರಾವಳಿಯಲ್ಲಿ ಗಣಿಗಾರಿಕೆ ತಡೆಯಿತು. ಆದರೂ ಗಲಾಟೆ ಮುಗಿದಿಲ್ಲ. ಸುತ್ತಲಿನ ನೆಲದಿಂದ 100 ಮೀಟರ್ ಎತ್ತರವಿದ್ದರೆ ಮಾತ್ರ ಅರಾವಳಿಯ ಬೆಟ್ಟ ಎಂಬ ವ್ಯಾಖ್ಯೆಯನ್ನು 2025ರ ನವೆಂಬರಿನಲ್ಲಿ ಅದೇ ನ್ಯಾಯಾಲಯ ಒಪ್ಪಿತು. ಜನ ಬೀದಿಗಿಳಿದು ಕೇಳಿದರು, ಡಿಸೆಂಬರಿನಲ್ಲಿ ನ್ಯಾಯಾಲಯವೇ ಅದನ್ನು ತಡೆಹಿಡಿಯಿತು. ಯೋಚಿಸಿ, ಅಜ್ಜ ಕುಗ್ಗಿದ್ದಾನೆಂದು ಅವನನ್ನು ಮನೆಯವನೇ ಅಲ್ಲ ಎನ್ನಬಹುದೇ? ತಗ್ಗು ಗುಡ್ಡಗಳೂ ಮರಳುಗಾಡಿನ ಧೂಳನ್ನು ತಡೆಯುತ್ತವೆ, ಬಿರುಕುಗಳಲ್ಲಿ ಮಳೆನೀರನ್ನು ನೆಲಕ್ಕಿಳಿಸುತ್ತವೆ. ಆ ಹೊತ್ತಿನಲ್ಲಿ ದನಿಯೆತ್ತಲು ಗುಡ್ಡವನ್ನು ಕಂಡವರು ಬೇಕು. ನಡೆಯದವರಿಗೆ ಅದು ಕಾರಿನ ಕಿಟಕಿಯಾಚೆಯ ಪೊದೆ ಮಾತ್ರ.

ತಾಯಂದಿರಿಗೂ ಒಂದು ಮಾತು, ಮಕ್ಕಳೇ ಇದನ್ನು ಅವರಿಗೆ ಓದಿ ಹೇಳಿ. ಮಗ ಹೊರಟರೆ "ನೀರು ತಗೊಂಡೆಯಾ?" ಎನ್ನುತ್ತೇವೆ, ಮಗಳು ಹೊರಟರೆ "ಯಾಕೆ?" ಎನ್ನುತ್ತೇವೆ. ಹೆದರಿಕೆ ಸುಳ್ಳಲ್ಲ. ಆದರೆ ಹೆದರಿಕೆಗೆ ಮದ್ದು ಗುಂಪು, ಬೀಗವಲ್ಲ. ಐದಾರು ಜನ ಸೇರಿ, ಬೆಳಗಿನ ಬೆಳಕಿನಲ್ಲಿ, ಜನರು ಓಡಾಡುವ ದಾರಿಯಲ್ಲಿ ಹೋಗಲಿ. ಜೊತೆಗೆ ನಾವೂ ಹೋದರೆ ಮಂಡಿನೋವಿಗೂ ಒಳ್ಳೆಯದು.

ಇನ್ನು ಗಂಟುಮೂಟೆ. ಮಳೆ ಮುಗಿದ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕಾಡು ಹಸಿರು, ಫೆಬ್ರವರಿ, ಮಾರ್ಚಿನಲ್ಲಿ ಹೂವು. ನವೆಂಬರಿನ ಹೊಗೆಯ ದಿನಗಳಲ್ಲಿ ಮನೆಯಲ್ಲೇ ಇರಿ. ಮುಳ್ಳು ನಾಟದ ಗಟ್ಟಿ ಬೂಟು, ಇಬ್ಬರಿಗಾಗುವಷ್ಟು ನೀರು. ಬುತ್ತಿಗೆ ಚಪಾತಿ ಪಲ್ಯ ಸಾಕು. ರಿಡ್ಜಿನಲ್ಲಿ ಕೋತಿಗಳ ಮುಂದೆ ಡಬ್ಬಿ ತೆರೆಯಬೇಡಿ, ಅವುಗಳಿಗೆ ಕೊಡಲೂ ಬೇಡಿ. ಕಸ ಚೀಲದಲ್ಲೇ ವಾಪಸು ಬರಲಿ. ಹಾಡನ್ನು ಮೊಬೈಲಿನಲ್ಲಿ ಹಾಕದೆ ಬಾಯಲ್ಲೇ ಹಾಡಿದರೆ ಇನ್ನೂ ಸೊಗಸು.

ಕೊನೆಗೊಂದು ಕೆಲಸ ಕೊಡುತ್ತೇನೆ. ಮುಂದಿನ ಸಲ ಊರಿಗೆ ಹೋದಾಗ ಅಜ್ಜಿಯ ಹತ್ತಿರ ಹತ್ತು ಮರಗಳ ಹೆಸರು ಕೇಳಿ ಬರೆದುಕೊಳ್ಳಿ. ಇಲ್ಲಿಗೆ ಬಂದು ಅವುಗಳಲ್ಲಿ ಎಷ್ಟು ದಿಲ್ಲಿಯಲ್ಲಿವೆ ಎಂದು ಹುಡುಕಿ. ಸಿಕ್ಕ ಮರಗಳ ಪಟ್ಟಿಯನ್ನು ನಮ್ಮ ಪತ್ರಿಕೆಗೆ ಕನ್ನಡದಲ್ಲೇ ಬರೆದು ಕಳಿಸಿ. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ.