ಯೆಜ್ಡಿಗೆ ಯಾವ ಸೈಲೆನ್ಸರ್?

ಹಳೆಯ ಯೆಜ್ಡಿ ಮನೆಗೆ ತಂದವರು ಮೊದಲು ಕೈ ಹಾಕುವುದು ಸೈಲೆನ್ಸರಿಗೆ. ಎಂಜಿನ್ನಿನ ಒಳಗೆ ಏನಾಗಿದೆಯೋ ಕಣ್ಣಿಗೆ ಕಾಣುವುದಿಲ್ಲ. ತುಕ್ಕು ಹಿಡಿದು ತಳದಲ್ಲಿ ತೂತು ಬಿದ್ದ ಜೋಡಿ ಸೈಲೆನ್ಸರ್ ಮಾತ್ರ ದೂರದಿಂದಲೇ ಎದ್ದು ಕಾಣುತ್ತದೆ. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಹೆಬ್ಬಾಳದ ಫ್ಲೈಓವರ್ ದಾಟಿ, ಯಲಹಂಕದ ಮೇಲೆ ನಂದಿಬೆಟ್ಟಕ್ಕೆ ಹೊರಟ ಗಾಡಿಗಳನ್ನು ರಸ್ತೆ ಬದಿ ನಿಂತು ಕೇಳಿ ನೋಡಿ. ಒಂದೇ ಮಾಡೆಲ್ಲಿನ ನಾಲ್ಕು ರೋಡ್‌ಕಿಂಗ್ ಬಂದರೆ ನಾಲ್ಕು ಥರದ ಸದ್ದು. ಒಂದು ಕಿವಿ ಹರಿಯುವಂತೆ ಕಿರುಚುತ್ತದೆ, ಒಂದು ಉಸಿರು ಕಟ್ಟಿ ಗೊರಗುಟ್ಟುತ್ತದೆ, ಇನ್ನೊಂದರದ್ದು ಬರೀ ತಗಡಿನ ಸದ್ದು. ಮೈಸೂರಿನ ಕಾರ್ಖಾನೆಯಿಂದ ಹೊರಬಿದ್ದಾಗ ಇದ್ದ ದುಂಡು ದನಿ ಎಲ್ಲೋ ಒಂದರಲ್ಲಿ ಉಳಿದಿರುತ್ತದೆ.

ಇದು ಬರೀ ಸದ್ದಿನ ವಿಷಯವಾಗಿದ್ದರೆ ಅವರವರ ಇಷ್ಟ ಎಂದು ಬಿಡಬಹುದಿತ್ತು. ಟೂ ಸ್ಟ್ರೋಕ್ ಗಾಡಿಯಲ್ಲಿ ಹಾಗೆ ಬಿಡಲಾಗದು. ಇಲ್ಲಿ ಸೈಲೆನ್ಸರ್ ಎಂಜಿನ್ನಿನದೇ ಒಂದು ಅಂಗ. ಅದನ್ನು ಬದಲಾಯಿಸಿದರೆ ಪಿಕಪ್, ಮೈಲೇಜ್, ಕೊನೆಗೆ ಪಿಸ್ಟನ್ನಿನ ಆಯುಸ್ಸು, ಎಲ್ಲವೂ ಬದಲಾಗುತ್ತವೆ.

ಕಾರಣ ಸರಳ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಹೊಗೆ ಹೋಗುವ ದಾರಿಗೆ ವಾಲ್ವ್ ಇದೆ, ಹೊತ್ತಿಗೆ ಸರಿಯಾಗಿ ಮುಚ್ಚುತ್ತದೆ. ಯೆಜ್ಡಿಯಲ್ಲಿ ವಾಲ್ವ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ, ಪಿಸ್ಟನ್ ಮೇಲೆ ಕೆಳಗೆ ಹೋಗುತ್ತ ಅವನ್ನು ತೆರೆದು ಮುಚ್ಚುತ್ತದೆ. ಪಿಸ್ಟನ್ ಕೆಳಗಿಳಿದಾಗ ಹೊಗೆಯ ಕಿಂಡಿಯೂ ಹೊಸ ಪೆಟ್ರೋಲ್ ಮಿಶ್ರಣ ಒಳಬರುವ ಕಿಂಡಿಯೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಉರಿಯದ ಪೆಟ್ರೋಲ್ ನೇರವಾಗಿ ಸೈಲೆನ್ಸರಿಗೆ ನುಗ್ಗಬಾರದು ಎಂದರೆ ಅದನ್ನು ಯಾರಾದರೂ ತಡೆಯಬೇಕು. ಆ ಕೆಲಸ ಸೈಲೆನ್ಸರಿನೊಳಗೆ ಓಡಾಡುವ ಒತ್ತಡದ ಅಲೆಯದ್ದು. ಕಿಂಡಿ ತೆರೆದ ಕೂಡಲೇ ಹೊರಟ ಅಲೆ, ಕೊಳವೆ ಅಗಲವಾಗುವ ಕಡೆ ಹೀರುವ ಅಲೆಯಾಗಿ ತಿರುಗಿ ಬಂದು ಒಳಗೆ ಉಳಿದ ಹೊಗೆಯನ್ನು ಎಳೆದುಕೊಳ್ಳುತ್ತದೆ. ಕೊಳವೆ ಮತ್ತೆ ಕಿರಿದಾಗುವ ಕಡೆ ತಾಗಿದ ಅಲೆ ತಳ್ಳುವ ಅಲೆಯಾಗಿ ಮರಳಿ, ತಪ್ಪಿಸಿಕೊಳ್ಳುತ್ತಿದ್ದ ಮಿಶ್ರಣವನ್ನು ಸಿಲಿಂಡರಿಗೇ ಹಿಂದಕ್ಕೆ ದೂಡುತ್ತದೆ.

ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ವಾಲ್ಟರ್ ಕಾಡೆನ್ ಈ ಅಲೆಯನ್ನು ಪಳಗಿಸಿದ ಎಂಜಿನಿಯರ್. 1961ರ ಹೊತ್ತಿಗೆ ಅವರ 125 ಸಿಸಿ ರೇಸ್ ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಓಡಿಹೋಗಿ ಸುಜುಕಿ ಸೇರಿದ, ವಿದ್ಯೆಯೂ ಜೊತೆಗೇ ಜಪಾನಿಗೆ ಹೋಯಿತು. ಮೈಸೂರಿನ ಯಾದವಗಿರಿಯಲ್ಲಿ, ಮುಂದೆ ಯೆಜ್ಡಿ ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆಯನ್ನು ಜಯಚಾಮರಾಜೇಂದ್ರ ಒಡೆಯರು ಉದ್ಘಾಟಿಸಿದ್ದೂ 1961ರಲ್ಲೇ. ಆದರೆ ಚೆಕೊಸ್ಲೊವಾಕಿಯಾದಿಂದ ಇಲ್ಲಿಗೆ ಬಂದ ಜಾವಾ ಗಾಡಿ ರೇಸಿನದಲ್ಲ, ದಿನಬಳಕೆಯದು.

ಈಗ ಒಂದು ಸಣ್ಣ ಲೆಕ್ಕ. ರೋಡ್‌ಕಿಂಗ್ ತನ್ನ 16 ಅಶ್ವಶಕ್ತಿಯನ್ನು ಕೊಡುವುದು 4750 ಆರ್‌ಪಿಎಂನಲ್ಲಿ. ಆ ವೇಗದಲ್ಲಿ ಒಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ 12.6 ಭಾಗ ಹಿಡಿಯುತ್ತದೆ. ಹೊಗೆಯ ಕಿಂಡಿ ಸುತ್ತಿನ 160 ಡಿಗ್ರಿಯಷ್ಟು ತೆರೆದಿರುತ್ತದೆ ಎಂದು ಇಟ್ಟುಕೊಳ್ಳಿ; ಅಲೆಗೆ ಸಿಗುವ ಸಮಯ 5.6 ಭಾಗ. ಬಿಸಿ ಹೊಗೆಯಲ್ಲಿ ಅಲೆ ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತದೆ. ಅಂದರೆ ಹೋಗಿ ಬರಲು 2.8 ಮೀಟರ್, ಒಂದು ದಿಕ್ಕಿಗೆ 1.4 ಮೀಟರ್. ಇದೇ ಲೆಕ್ಕವನ್ನು 8000 ಆರ್‌ಪಿಎಂಗೆ ಹಾಕಿದರೆ ಉದ್ದ 85 ಸೆಂಟಿಮೀಟರಿನ ಒಳಗೆ ಬರುತ್ತದೆ. ಯಮಹಾ ಆರ್‌ಎಕ್ಸ್ 100 ತನ್ನ 11 ಅಶ್ವಶಕ್ತಿ ಕೊಡುವುದು 7500ರಲ್ಲಿ. ಅದಕ್ಕೆಂದು ಶ್ರುತಿ ಕೂಡಿಸಿದ ಗಿಡ್ಡ, ಹೊಟ್ಟೆ ಉಬ್ಬಿದ ಚೇಂಬರ್ ಸೈಲೆನ್ಸರನ್ನು ಯೆಜ್ಡಿಗೆ ತೊಡಿಸಿದರೆ ತಳ್ಳುವ ಅಲೆ ಬೇಕಾದ ಹೊತ್ತಿಗಿಂತ ಮೊದಲೇ ಬಂದು ಹೋಗಿರುತ್ತದೆ. ಅಷ್ಟು ಆರ್‌ಪಿಎಂಗೆ ಯೆಜ್ಡಿ ಏರುವುದೂ ಇಲ್ಲ. ಸದ್ದು ರೇಸಿನದ್ದು, ಎಳೆತ ಮೊಪೆಡ್ಡಿನದ್ದು. ಮೇಖ್ರಿ ಸರ್ಕಲ್‌ನ ಸಿಗ್ನಲ್ಲಿನಲ್ಲಿ ಎರಡನೇ ಗೇರಿನಲ್ಲೇ ನಿಧಾನಕ್ಕೆ ತೆವಳುತ್ತ ಹೋಗುವ ಯೆಜ್ಡಿಯ ತಾಕತ್ತೇ ಕೆಳಗಿನ ಆರ್‌ಪಿಎಂನಲ್ಲಿದೆ. ಅದನ್ನು ಕೊಂದು ಏನು ಗಳಿಸಿದ ಹಾಗಾಯಿತು?

ಹಾಗಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಕಂಪನಿ ಅಳತೆಯ ಜೋಡಿ ಸೈಲೆನ್ಸರ್, ದಪ್ಪ ತಗಡಿನದು, ಒಳಗಿನ ಬ್ಯಾಫಲ್ ಸಮೇತ. ಉಳಿದದ್ದೆಲ್ಲ ಅದನ್ನು ಎಲ್ಲಿಂದ, ಹೇಗೆ ತರುವುದು ಎಂಬ ವಿಚಾರ.

ಹೊಸದು ಕೊಳ್ಳುವ ಮುನ್ನ ಇರುವುದನ್ನೇ ಬಿಚ್ಚಿ ನೋಡಬೇಕು. ಗಾಡಿ ಎಳೆಯುತ್ತಿಲ್ಲ ಎಂದು ಬರುವ ಎಷ್ಟೋ ಯೆಜ್ಡಿಗಳ ರೋಗ ಬಾಲದ ತುದಿಯಲ್ಲಿ ಕೂತಿರುತ್ತದೆ. ಎಂಡ್ ಕ್ಯಾಪ್ ಹಿಡಿದಿರುವ ನಟ್ ಸಡಿಲಿಸಿ, ತುದಿಯನ್ನು ತಿರುಚುತ್ತ ಎಳೆದರೆ ಒಳಗಿನ ತೂತುತೂತಿನ ಕೊಳವೆ ಈಚೆ ಬರುತ್ತದೆ. ಅದೇ ಬ್ಯಾಫಲ್. ವರ್ಷಗಟ್ಟಲೆ ಮುಟ್ಟದೆ ಇದ್ದದ್ದಾದರೆ ತೂತುಗಳೇ ಕಾಣುವುದಿಲ್ಲ. ಆಯಿಲ್ ಮತ್ತು ಮಸಿ ಸೇರಿ ಟಾರಿನಷ್ಟು ಗಟ್ಟಿಯಾದ ಕರಿ ಪದರ ಕೂತಿರುತ್ತದೆ. ಅದನ್ನು ಬೆಂಕಿಯಲ್ಲಿ ಕಾಯಿಸಿ ತಂತಿ ಬ್ರಷ್ಷಿನಿಂದ ಉಜ್ಜುತ್ತಾರೆ, ಇಲ್ಲವೇ ಕಾಸ್ಟಿಕ್ ಸೋಡಾ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕುತ್ತಾರೆ. ಸೋಡಾಕ್ಕೆ ಕೈಗವಸು, ಕನ್ನಡಕ ಬೇಕೇ ಬೇಕು. ಅಲ್ಯೂಮಿನಿಯಂ ಭಾಗ ಯಾವುದನ್ನೂ ಅದರಲ್ಲಿ ಅದ್ದಬೇಡಿ, ತಿಂದುಹಾಕುತ್ತದೆ. ಪೆಟ್ರೋಲಿಗೆ ಲೀಟರಿಗೆ 40 ಮಿಲಿಲೀಟರ್ ಆಯಿಲ್ ಹಾಕುವ ಹಳೆಯ ಕ್ರಮವನ್ನು ‘ಸೇಫ್ಟಿಗೆ ಇರಲಿ’ ಎಂದು ಇನ್ನೂ ಹೆಚ್ಚಿಸಿದವರ ಗಾಡಿಯಲ್ಲಿ ಈ ಪದರ ಬೇಗ ಕಟ್ಟುತ್ತದೆ.

ಯೆಜ್ಡಿಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಸಿಲಿಂಡರಿನಲ್ಲೇ ಹೊಗೆಗೆ ಎರಡು ಬಾಯಿ. ಒಂದು ಕಡೆಯದು ಕಟ್ಟಿಕೊಂಡು ಇನ್ನೊಂದು ತೆರೆದಿದ್ದರೆ ಹೊಗೆ ಸುಲಭದ ದಾರಿಯಲ್ಲೇ ಹೋಗುತ್ತದೆ. ಅಲೆಗಳ ಲೆಕ್ಕ ಎರಡು ಕಡೆ ಎರಡು ಥರ. ಎಂಜಿನ್ ಓಡುತ್ತಿರುವಾಗ ಎರಡೂ ಬಾಲಕ್ಕೆ ಅಂಗೈ ಹತ್ತಿರ ಹಿಡಿದು ನೋಡಿ, ಒತ್ತಡ ಸಮ ಇರಬೇಕು. ಇದೇ ಕಾರಣಕ್ಕೆ ಒಂದು ಬದಿಯದನ್ನು ಮಾತ್ರ ಹೊಸದು ಹಾಕಿಸುವುದು ಅರ್ಧ ಕೆಲಸ. ಬದಲಿಸಿದರೆ ಜೋಡಿಯಾಗಿ ಬದಲಿಸಿ, ಒಂದೇ ತಯಾರಕರದ್ದನ್ನು ಹಾಕಿಸಿ.

ಬೆಂಡ್ ಪೈಪ್ ಸಿಲಿಂಡರನ್ನು ಸೇರುವ ಜಾಗವನ್ನು ಮರೆತವರೇ ಜಾಸ್ತಿ. ಅಲ್ಲಿ ದೊಡ್ಡ ರಿಂಗ್ ನಟ್ ಇದೆ, ಕೊಕ್ಕೆಯಾಕಾರದ ಸ್ಪ್ಯಾನರಿನಿಂದ ತಿರುಗಿಸಬೇಕಾದ್ದು. ಆ ಸ್ಪ್ಯಾನರ್ ಇಲ್ಲದವರು ಉಳಿ ಇಟ್ಟು ಸುತ್ತಿಗೆಯಲ್ಲಿ ಬಡಿಯುತ್ತಾರೆ. ಬಡಿದು ಬಡಿದು ನಟ್ಟಿನ ಅಂಚು ಹಲ್ಲುಹಲ್ಲಾಗಿ, ಕೊನೆಗೆ ಸಿಲಿಂಡರಿನ ಥ್ರೆಡ್ಡೇ ಸವೆಯುತ್ತದೆ. ಸವೆದ ಮೇಲೆ ಎಷ್ಟು ದುಬಾರಿ ಸೈಲೆನ್ಸರ್ ತಂದರೂ ಕೂಡುಗೆಯಲ್ಲಿ ಹೊಗೆ ಸೋರುತ್ತದೆ, ಕರಿ ಆಯಿಲ್ ತೊಟ್ಟಿಕ್ಕಿ ಎಂಜಿನ್ನಿನ ಮುಂಭಾಗ ಜಿಗುಟಾಗುತ್ತದೆ. ಒಳ್ಳೆಯ ಲೇತ್ ಅಂಗಡಿಯಲ್ಲಿ ಥ್ರೆಡ್ ಸರಿಪಡಿಸಿ, ಹೊಸ ನಟ್ ಮಾಡಿಸಿ, ತಾಮ್ರದ ಹೊಸ ವಾಷರ್ ಹಾಕಿಸುವುದು ಕ್ರೋಮಿಗೆ ಸುರಿಯುವ ದುಡ್ಡಿಗಿಂತ ಎಷ್ಟೋ ಮೇಲು.

ಇನ್ನು ಹೊಸ ಜೋಡಿ. ಕಾರ್ಖಾನೆ 1996ರಲ್ಲೇ ಮುಚ್ಚಿತು, ಹಾಗಾಗಿ ‘ಒರಿಜಿನಲ್ ಕಂಪನಿ ಪೀಸ್’ ಎಂದು ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಕೊಡುವ ಬಹುತೇಕ ಮಾಲು ನಕಲು ಅಚ್ಚಿನದು. ನಕಲು ಎಂದು ತಳ್ಳಿಹಾಕಬೇಕಿಲ್ಲ, ಪರೀಕ್ಷಿಸಿ ಕೊಂಡರಾಯಿತು. ಕೈಯಲ್ಲೆತ್ತಿ ತೂಕ ನೋಡಿ. ಬೆರಳ ಗೆಣ್ಣಿನಿಂದ ತಟ್ಟಿ. ತೆಳು ತಗಡು ಝಣ್ ಎನ್ನುತ್ತದೆ, ಗಾಡಿಯಲ್ಲೂ ಹಾಗೇ ಎನ್ನುತ್ತದೆ. ಬ್ಯಾಫಲ್ ಈಚೆ ತೆಗೆಸಿ ನೋಡಿ, ಕೆಲವರು ಬರೀ ಖಾಲಿ ಚಿಪ್ಪು ಮಾರುತ್ತಾರೆ. ನಿಮ್ಮ ಮಾಡೆಲ್ಲಿನ ಹಳೆಯ ಸೈಲೆನ್ಸರನ್ನು ಪಕ್ಕದಲ್ಲಿಟ್ಟು ಉದ್ದ, ಹೊಟ್ಟೆಯ ಅಗಲ, ಒಳಕೊಳವೆಯ ವ್ಯಾಸ ಟೇಪು ಹಿಡಿದು ಅಳೆಯಿರಿ. ಹೆಸರಿಗೆ ಮೋಸ ಹೋಗಬೇಡಿ: 2022ರಿಂದ ಬರುತ್ತಿರುವ 334 ಸಿಸಿಯ ಹೊಸ ಯೆಜ್ಡಿಗಳು ನಾಲ್ಕು ಸ್ಟ್ರೋಕಿನವು, ಅವುಗಳ ಸೈಲೆನ್ಸರಿಗೂ ಇದಕ್ಕೂ ಸಂಬಂಧವಿಲ್ಲ.

ಸಿಕ್ಕಿದ್ದು ಯಾವುದೂ ಸರಿಬರದಿದ್ದರೆ ಯಶವಂತಪುರದ ಆಚೆ ಪೀಣ್ಯ ಇದೆ. ಪೈಪ್ ಬಗ್ಗಿಸುವವರು, ಶೀಟ್ ಸುತ್ತುವವರು, ಆರ್ಗಾನ್ ವೆಲ್ಡಿಂಗಿನವರು, ಪ್ಲೇಟಿಂಗಿನವರು ಎಲ್ಲ ಅಲ್ಲೇ. ತಗಡು 18 ಗೇಜಿಗಿಂತ ತೆಳುವಾಗದಿರಲಿ, ಅಂದರೆ 1.2 ಮಿಲಿಮೀಟರ್. 304 ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಮಾಡಿಕೊಡುತ್ತಾರೆ. ತುಕ್ಕಿನ ಚಿಂತೆ ಇರದು, ಆದರೆ ಬೆಂಡ್ ಪೈಪ್ ಬಿಸಿಗೆ ಚಿನ್ನದ ಬಣ್ಣಕ್ಕೂ ಆಮೇಲೆ ನೀಲಿಗೂ ತಿರುಗುತ್ತದೆ, ಮೂಲ ಗಾಡಿಯ ಹೊಳಪೂ ಬರುವುದಿಲ್ಲ. ಮೈಲ್ಡ್ ಸ್ಟೀಲಿಗೆ ಕ್ರೋಮ್ ಮಾಡಿಸುವುದಾದರೆ ಕೆಳಗಿನ ನಿಕ್ಕಲ್ ಪದರ ಚೆನ್ನಾಗಿ ಹಾಕಲು ಹೇಳಿ. ತುಕ್ಕನ್ನು ತಡೆಯುವುದು ಅದೇ, ಮೇಲಿನ ಕ್ರೋಮ್ ತೀರ ತೆಳು.

ಹಳೆಯ ಫಿಯೆಟ್ಟೋ ಎಂಜಿಯೋ ಇಟ್ಟುಕೊಂಡ ಕಾರಿನವರಿಗೂ ಇಲ್ಲಿ ಒಂದು ಮಾತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹೊರಡುತ್ತದೆ. ಆರ್.ಟಿ. ನಗರದಿಂದ ಹೆಬ್ಬಾಳದವರೆಗೆ ಹೋಗಿ ನಿಲ್ಲಿಸಿದರೆ ಸೈಲೆನ್ಸರ್ ಪೂರ್ತಿ ಕಾಯುವುದಿಲ್ಲ, ನೀರು ಹಿಂದಿನ ಡಬ್ಬದಲ್ಲೇ ನಿಂತು ಒಳಗಿಂದ ತಿನ್ನುತ್ತದೆ. ಅಂಥ ಕಾರಿಗೆ ಸ್ಟೇನ್‌ಲೆಸ್ ನಿಜಕ್ಕೂ ಲಾಭ. ಟೂ ಸ್ಟ್ರೋಕಿನಲ್ಲಿ ಆಯಿಲ್ ಪದರವೇ ಒಳಗೋಡೆಯನ್ನು ಒಂದಿಷ್ಟು ಕಾಯುತ್ತದೆ.

‘ಬ್ಯಾಫಲ್ ತೆಗೆದು ಬಿಡಿ ಸಾರ್, ಗಾಡಿ ಫ್ರೀ ಆಗುತ್ತೆ’ ಎನ್ನುವ ಸಲಹೆ ಪ್ರತಿ ಗ್ಯಾರೇಜಿನಲ್ಲೂ ಸಿಗುತ್ತದೆ. ಫ್ರೀ ಆಗುವುದು ಪೆಟ್ರೋಲ್. ತಡೆ ಕಡಿಮೆಯಾದಾಗ ಮಿಶ್ರಣ ತೆಳುವಾಗಿ ಪಿಸ್ಟನ್ ಕಾಯುತ್ತದೆ, ಹೆದ್ದಾರಿಯಲ್ಲಿ ಒಂದೇ ಸಮ ಓಡಿಸಿದರೆ ಸೀಜ್ ಆಗುವ ಅಪಾಯವೂ ಇದೆ. ಯಾವುದೇ ಹೊಸ ಸೈಲೆನ್ಸರ್ ಹಾಕಿದ ಮೇಲೆ ಪ್ಲಗ್ ನೋಡಬೇಕು. ಬಿಸಿ ಎಂಜಿನ್ನಿನಲ್ಲಿ ಥ್ರಾಟಲ್ ಎಳೆದು ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿ. ಕಾಫಿ ಕಂದು ಇದ್ದರೆ ಸರಿ, ಸುಣ್ಣದಂತೆ ಬಿಳಿ ಇದ್ದರೆ ಮೇನ್ ಜೆಟ್ ದೊಡ್ಡದು ಬೇಕು. ಈ ಪರೀಕ್ಷೆಯನ್ನು ಯಲಹಂಕದ ಮಟ್ಟದಲ್ಲೇ ಮಾಡಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದ್ದರೆ ನಂದಿಬೆಟ್ಟದ ತುದಿ 1478 ಮೀಟರ್. ಅಲ್ಲಿನ ತೆಳು ಗಾಳಿಗೆ ಗಾಡಿ ಕೆಮ್ಮಿತೆಂದು ಜೆಟ್ ಸಣ್ಣದು ಮಾಡಿಕೊಂಡು ಕೆಳಗಿಳಿದರೆ ದೇವನಹಳ್ಳಿ ದಾಟುವ ಮುನ್ನ ಪಶ್ಚಾತ್ತಾಪ ಪಡಬೇಕಾದೀತು.

ಕಾನೂನು ಚಿಕ್ಕದಾಗಿ ಹೇಳಿಬಿಡಬಹುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಪ್ರತಿ ಗಾಡಿಗೂ ಸದ್ದು ತಗ್ಗಿಸುವ ಸೈಲೆನ್ಸರ್ ಇರಬೇಕು ಎನ್ನುತ್ತದೆ. ಗಾಡಿಯ ವಯಸ್ಸು ನೋಡಿ ವಿನಾಯಿತಿ ಇಲ್ಲ. ಸದ್ದು, ಹೊಗೆಯ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ಗರಿಷ್ಠ 10,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಸಜೆ, ಅಥವಾ ಎರಡೂ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಕಿತ್ತ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಹಾಸಿ ರೋಡ್ ರೋಲರ್ ಹತ್ತಿಸಿದ್ದು ಸುದ್ದಿಯಾಗಿದೆ. ಹೊಗೆ ತಪಾಸಣೆಯಲ್ಲಿ 2000ದ ಮಾರ್ಚ್‌ಗೆ ಮೊದಲಿನ ದ್ವಿಚಕ್ರ ವಾಹನಕ್ಕೆ ಕಾರ್ಬನ್ ಮಾನಾಕ್ಸೈಡ್ ಶೇ 4.5, ಹೈಡ್ರೊಕಾರ್ಬನ್ 9000 ಪಿಪಿಎಂ ಮಿತಿ. ಈ ಎರಡನೆಯ ಅಂಕಿ ಏರುವುದು ಮೇಲೆ ಹೇಳಿದ ತಪ್ಪಿಸಿಕೊಳ್ಳುವ ಪೆಟ್ರೋಲಿನಿಂದಲೇ.

50 ವರ್ಷ ದಾಟಿದ ಜಾವಾ ಇದ್ದವರಿಗೆ 2021ರಿಂದ ವಿಂಟೇಜ್ ನೋಂದಣಿಯ ದಾರಿ ತೆರೆದಿದೆ, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರಗಳು ಬರುತ್ತವೆ. ಹೊಸ ನೋಂದಣಿಗೆ 20,000, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಗಾಡಿ ಮೂಲ ರೂಪದಲ್ಲಿರಬೇಕು ಎಂಬುದು ಅದರ ಮುಖ್ಯ ಷರತ್ತು. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ದಿನಾ ಆಫೀಸಿಗೆ ಓಡಿಸುವವರು ಈ ಗೊಡವೆಗೆ ಹೋಗದಿರುವುದೇ ಒಳ್ಳೆಯದು.

ಹೊಸ ಜೋಡಿ ಹಾಕಿಸಿದ ದಿನ ಸ್ವಲ್ಪ ದೂರ ಓಡಿಸಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರಿಂಗ್ ನಟ್ಟನ್ನು ಇನ್ನೊಮ್ಮೆ ಬಿಗಿಸಿ. ತಾಮ್ರದ ವಾಷರ್ ಮೊದಲ ಬಿಸಿಗೆ ಕೂತು ಸಡಿಲವಾಗಿರುತ್ತದೆ. ಹಿಂದಿನ ಬ್ರಾಕೆಟ್ಟಿನ ಬೋಲ್ಟನ್ನು ಕೊನೆಗೆ ಬಿಗಿಸಬೇಕು. ಮೊದಲೇ ಬಿಗಿಸಿದರೆ ಬೆಂಡ್ ಪೈಪ್ ಓರೆಯಾಗಿ ಎಳೆದುಕೊಂಡು ಬಿರುಕು ಬಿಡುತ್ತದೆ. ಬಿಚ್ಚಿದ ಹಳೆಯ ಜೋಡಿ ಎಷ್ಟೇ ತೂತು ಬಿದ್ದಿರಲಿ, ಗುಜರಿಗೆ ಹಾಕಬೇಡಿ. ಮುಂದೆ ಪೀಣ್ಯದಲ್ಲಿ ಹೊಸದು ಮಾಡಿಸುವಾಗ ಅಳತೆಗೆ ಬೇಕಾಗುವುದು ಅದೇ.