ಸರ್ವೋಚ್ಚ ನ್ಯಾಯಾಲಯದ ಹಿರಿತನ ಉಲ್ಲಂಘನೆ (೧೯೭೩)

ಮುಖ್ಯ ನ್ಯಾಯಮೂರ್ತಿ ಎಸ್. ಎಂ. ಸಿಕ್ರಿ ಅವರ ನಿವೃತ್ತಿಯಿಂದ ತೆರವಾದ ಸ್ಥಾನಕ್ಕೆ ೧೯೭೩ರ ಏಪ್ರಿಲ್‌ನಲ್ಲಿ ಇಂದಿರಾ ಗಾಂಧಿ ಸರ್ಕಾರವು ಮೂವರು ಹಿರಿಯರನ್ನು ಬದಿಗಿರಿಸಿ, ನಾಲ್ಕನೆಯವರಾದ ಎ. ಎನ್. ರೇ ಅವರನ್ನು ನೇಮಿಸಿದ ಘಟನೆಯನ್ನು ಹಿರಿತನ ಉಲ್ಲಂಘನೆ ಎನ್ನಲಾಗುತ್ತದೆ. ಅವಕಾಶ ವಂಚಿತರಾದವರು ಜೆ. ಎಂ. ಶೇಲತ್, ಕಾರ್ಕಳ ತಾಲೂಕಿನ ಕೌಡೂರಿನವರಾದ ಕೆ. ಎಸ್. ಹೆಗ್ಡೆ ಹಾಗೂ ಎ. ಎನ್. ಗ್ರೋವರ್.

ಹಿನ್ನೆಲೆ

ಸಂವಿಧಾನದ ೧೨೪ನೆಯ ವಿಧಿಯು ನೇಮಕದ ಅಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿದೆ. ಹಿರಿತನದ ಮಾತು ಅದರಲ್ಲಿಲ್ಲ. ಹಿರಿಯರನ್ನೇ ನೇಮಿಸುವುದು ರೂಢಿಯಾಗಿತ್ತು, ಅಷ್ಟೆ. ೧೯೭೦ರಲ್ಲಿ ನ್ಯಾಯಾಲಯವು ಬ್ಯಾಂಕ್ ರಾಷ್ಟ್ರೀಕರಣದ ಕಾಯಿದೆಯನ್ನೂ, ಮಾಜಿ ಸಂಸ್ಥಾನಿಕರ ಮಾನ್ಯತೆ ರದ್ದುಪಡಿಸಿದ ಆದೇಶವನ್ನೂ ಅನೂರ್ಜಿತಗೊಳಿಸಿತು. ಎರಡನೆಯದು ಜಮಖಂಡಿಯ ಪಟವರ್ಧನ, ಮುಧೋಳದ ಘೋರ್ಪಡೆ ಮನೆತನಗಳಂಥವರ ರಾಜಧನಕ್ಕೆ ಸಂಬಂಧಿಸಿದ್ದು; ಮರುವರ್ಷವೇ ೨೬ನೆಯ ತಿದ್ದುಪಡಿಯ ಮೂಲಕ ಅದು ರದ್ದಾಯಿತು. ಎರಡೂ ಮೊಕದ್ದಮೆಗಳಲ್ಲಿ ಆ ಮೂವರು ಬಹುಮತದಲ್ಲಿದ್ದರು, ರೇ ಭಿನ್ನಮತ ಬರೆದಿದ್ದರು.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಮೊಕದ್ದಮೆಯನ್ನು ೧೩ ನ್ಯಾಯಮೂರ್ತಿಗಳು ೬೮ ದಿನ ಆಲಿಸಿದರು. ೧೯೭೩ರ ಏಪ್ರಿಲ್ ೨೪ರಂದು ಏಳು-ಆರರ ಬಹುಮತದಿಂದ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸಲಾಗದೆಂದು ತೀರ್ಪಾಯಿತು. ಇಲ್ಲಿಯೂ ಮೂವರು ಒಂದು ಕಡೆ, ರೇ ಇನ್ನೊಂದು ಕಡೆ. ಮರುದಿನವೇ ನೇಮಕದ ಪ್ರಕಟಣೆ ಹೊರಬಿತ್ತು.

ಲೆಕ್ಕಾಚಾರ

ನ್ಯಾಯಮೂರ್ತಿಗಳ ನಿವೃತ್ತಿ ವಯಸ್ಸು ೬೫. ಹಿರಿತನ ಪಾಲಿಸಿದ್ದರೆ ಶೇಲತ್ ೧೯೭೩ರ ಜುಲೈವರೆಗೆ, ಹೆಗ್ಡೆ ೧೯೭೪ರ ಜೂನ್‌ವರೆಗೆ, ಗ್ರೋವರ್ ೧೯೭೭ರ ಫೆಬ್ರವರಿವರೆಗೆ ಆ ಪೀಠದಲ್ಲಿರುತ್ತಿದ್ದರು. ರೇ ನಿವೃತ್ತರಾಗಬೇಕಿದ್ದುದು ೧೯೭೭ರ ಜನವರಿಯಲ್ಲಿ. ಅಂದರೆ ಅವರಿಗೆ ಸರದಿ ಬರುತ್ತಲೇ ಇರಲಿಲ್ಲ. ಶೇಲತ್ ಒಬ್ಬರನ್ನೇ ಬಿಟ್ಟಿದ್ದರೆ ಸಾಲದಾಗಿತ್ತು, ಮೂವರನ್ನೂ ದಾಟಬೇಕಿತ್ತು. ನಾಲ್ಕು ವರ್ಷಗಳ ನ್ಯಾಯಪೀಠದ ನಾಯಕತ್ವ ಒಂದೇ ನೇಮಕದಿಂದ ನಿರ್ಧಾರವಾಯಿತು.

ಲೋಕಸಭೆಯಲ್ಲಿ ಇದನ್ನು ಪ್ರಮುಖವಾಗಿ ಸಮರ್ಥಿಸಿದವರು ಉಕ್ಕು ಮತ್ತು ಗಣಿ ಸಚಿವ ಮೋಹನ ಕುಮಾರಮಂಗಲಂ. ಹಿರಿತನವೊಂದೇ ಅರ್ಹತೆಯಾಗಬಾರದೆಂಬ ಕಾನೂನು ಆಯೋಗದ ೧೯೫೮ರ ವರದಿಯನ್ನು ಅವರು ಆಧಾರವಾಗಿಸಿಕೊಂಡರು. ನ್ಯಾಯಾಧೀಶರ ಸಾಮಾಜಿಕ ದೃಷ್ಟಿಕೋನವನ್ನೂ ಸರ್ಕಾರ ಗಮನಿಸಬೇಕೆಂದರು. ಮೊದಲನೆಯ ವಾದದಲ್ಲಿ ಹುರುಳಿತ್ತು. ಎರಡನೆಯದು ಮಾತ್ರ, ಸರ್ಕಾರವೇ ಕಕ್ಷಿದಾರನಾಗಿರುವ ನ್ಯಾಯಾಲಯದಲ್ಲಿ, ವಕೀಲ ಸಮುದಾಯವನ್ನು ಪ್ರತಿಭಟನೆಗಿಳಿಸಿತು.

ಪರಿಣಾಮ

ಮೂವರೂ ರಾಜೀನಾಮೆ ನೀಡಿದರು. ಹೆಗ್ಡೆಯವರು ೧೯೭೭ರಲ್ಲಿ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ ಗೆದ್ದು ಲೋಕಸಭಾಧ್ಯಕ್ಷರಾದರು. ಅದೇ ವರ್ಷದ ಜನವರಿಯಲ್ಲಿ, ತುರ್ತುಪರಿಸ್ಥಿತಿಯ ಬಂಧನ ಮೊಕದ್ದಮೆಯಲ್ಲಿ ಭಿನ್ನಮತ ಬರೆದಿದ್ದ ಎಚ್. ಆರ್. ಖನ್ನಾ ಅವರನ್ನು ಬಿಟ್ಟು ಎಂ. ಎಚ್. ಬೇಗ್ ಅವರನ್ನು ನೇಮಿಸಲಾಗಿತ್ತು; ಖನ್ನಾ ಕೂಡ ರಾಜೀನಾಮೆ ಕೊಟ್ಟರು. ೧೯೯೩ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಅರ್ಹರಾದ ಅತ್ಯಂತ ಹಿರಿಯರೇ ಮುಖ್ಯ ನ್ಯಾಯಮೂರ್ತಿಯಾಗಬೇಕೆಂದು ಹೇಳಿತು.